ಸಂಜೆಗೆ ಇಳಿದುಹೋಗುವ ಕೆರೆ

ಮಕ್ತಲ್

ತೆಲುಗು ಸೀಮೆಯ ಅಂಚಿನ ನಮ್ಮ ಕಡೆ ಯಾರಾದರೂ ಪೆಟ್ಟಿಗೆ ಹಿಡಿದು ಬಸ್‌ಸ್ಟ್ಯಾಂಡಿಗೆ ಬಂದರೆ ಕೇಳುವುದು ಮೂರೇ ಪ್ರಶ್ನೆ: ಯಾರ ಮದುವೆ, ಯಾವ ದವಾಖಾನೆ, ಯಾವ ಕೋರ್ಟು. ಮೂರಕ್ಕೂ ನಾನು ಅಲ್ಲ ಎಂದೆ. ಚಹಾದಂಗಡಿಯವನಿಗೆ ಸಮಾಧಾನವಾಗಲಿಲ್ಲ.

"ಮತ್ತೆಲ್ಲಿಗ್ರೀ ಸಂಗಪ್ಪಣ್ಣ?"

"ವೇಲ್ಸ್ ಅಂತ ಐತಿ. ಇಂಗ್ಲೆಂಡಿನ ಮಗ್ಗಲಾಗ. ಅಲ್ಲಿ ಗುಡ್ಡದ ಮ್ಯಾಲ ಒಂದು ಕೆರಿ ಐತಂತ, ನೋಡಾಕ ಹೊಂಟೀವಿ."

ಅವನು ಸೋಸುತ್ತಿದ್ದ ಚಹಾ ಅಲ್ಲಿಗೇ ನಿಲ್ಲಿಸಿದ. "ಕೆರಿ ನೋಡಾಕ ವಿಮಾನ ಯಾಕ್ರೀ? ಸಂಗಂಬಂಡಾಕ ಆಟೋ ಹೋಗ್ತಾವಲ್ಲ!"

ಹೌದು, ನಮ್ಮ ಸಂಗಂಬಂಡಾದ ನೀರಿಗೆ ಆಟೋ ಸಾಕು. ಆದರೆ ನಾವು ನೋಡಬೇಕಿದ್ದ ನೀರು ಬೇರೆ ಜಾತಿಯದು. ಕೊತ್ತಪಲ್ಲಿ ಕಡೆಯ ಒಂದು ಗುಡ್ಡದ ಮೇಲೆ ಒಂದು ಕಂಪನಿ ನೀರು ನಿಲ್ಲಿಸಬೇಕೆಂದಿದೆ. ಕೆಳಗೊಂದು, ಮೇಲೊಂದು, ನಡುವೆ ದೊಡ್ಡ ಕೊಳವೆ. ಮಧ್ಯಾಹ್ನ ಬಿಸಿಲಿನ ಕರೆಂಟು ಹೆಚ್ಚಾದಾಗ ನೀರು ಮೇಲೆ ಹತ್ತಿಸುವುದು, ಸಂಜೆ ಎಲ್ಲರೂ ಒಮ್ಮೆಲೇ ದೀಪ ಹಚ್ಚಿದಾಗ ಅದೇ ನೀರು ಕೆಳಗೆ ಬಿಟ್ಟು ಕರೆಂಟು ತೆಗೆಯುವುದು. ಆ ಗುಡ್ಡ ಹನ್ನೊಂದು ಮನೆಯ ಕುರಿಗಳು ಮೇಯುವ ಜಾಗ. ಅದರ ಹೆಗಲ ಮೇಲೆ ಬಂಡೆಯಲ್ಲಿ ತಾನಾಗಿ ಆದ ಒಂದು ನೀರಿನ ಕುಳಿ ಇದೆ. ನಾವು ದೊಣಿ ಎನ್ನುತ್ತೇವೆ. ಬೇಸಿಗೆಯಲ್ಲಿ ಸುತ್ತಲಿನ ಹಳ್ಳಗಳೆಲ್ಲ ಒಣಗಿದ ಮೇಲೂ ಅಷ್ಟೂ ಕುರಿಗಳಿಗೆ ನೀರು ಕೊಡುವುದು ಆ ದೊಣಿ ಒಂದೇ. ಕಂಪನಿಯವರ ನಕ್ಷೆಯಲ್ಲಿ ಅದು ಮುಳುಗುತ್ತಿತ್ತು.

"ಹೋಗಲಿ ಬಿಡ್ರಿ, ಸಣ್ಣ ದೊಣಿ ಹೋದ್ರ ದೊಡ್ಡ ಕೆರಿ ಬರ್ತೈತಿ," ಎಂದು ಜನರಿಗೆ ಹೇಳಿದ್ದು ಮಾಳಪ್ಪ ಕಾಕಾ. ಅವರಿಗೆ ಹಾಗೆ ಹೇಳಿದ್ದು ಕಂಪನಿಯ ತೆಲುಗು ಮಾತಿನ ಇಂಜಿನಿಯರ್ ರವಿ. ಕಾಕಾ ಎಪ್ಪತ್ತರ ಆಸುಪಾಸಿನ ಕುರುಬರ ಹಿರಿಯರು, ಬೀರಪ್ಪನ ಗುಡಿಯ ಮುಂದೆ ಅವರು ಹೂಂ ಅಂದರೆ ಹನ್ನೊಂದು ಮನೆಯೂ ಹೂಂ ಅಂದ ಹಾಗೆ. ಆದರೆ ಹೇಳಿಬಿಟ್ಟ ಮೇಲೆ ಅವರಿಗೇ ನಿದ್ದೆ ಹತ್ತಲಿಲ್ಲವಂತೆ. "ಕಣ್ಣಿಲೆ ನೋಡಿ ಬಂದ ಮ್ಯಾಲೇ ದಸ್ತಖತ್," ಎಂದು ಕೂತರು. ಕಂಪನಿ ಒಪ್ಪಿ, ರವಿಯನ್ನು ಜೊತೆಗೆ ಕಳಿಸುತ್ತೇವೆ ಎಂದಿತು. ಕಾಕಾ ಇನ್ನೊಂದು ಷರತ್ತು ಹಾಕಿದರು: ಜೊತೆಗೆ ನಾನು ಬರಬೇಕು.

ನಾನು ಗದ್ವಾಲ್, ನಾರಾಯಣಪೇಟೆ, ಮಕ್ತಲ್ ಸಬ್‌ಸ್ಟೇಷನ್ನುಗಳಲ್ಲಿ ಆಪರೇಟರ್ ಆಗಿ ನಿವೃತ್ತನಾದವನು. ಇಂಗ್ಲಿಷ್ ಅಷ್ಟಿಷ್ಟು ಬರುತ್ತದೆ. ಅದಕ್ಕೇ ಕರೆದರು ಎಂದು ಹಿಗ್ಗುತ್ತಿದ್ದೆ. ಕಾಕಾ ರವಿಗೆ ಕೊಟ್ಟ ಕಾರಣ ಬೇರೆಯೇ ಇತ್ತು.

"ಈ ಸಂಗಪ್ಪ ಮೂವತ್ತು ವರ್ಷ 'ಹದಿನೈದು ನಿಮಿಷದಾಗ ಬರ್ತೈತಿ' ಅಂತ ಸುಳ್ಳು ಹೇಳಿ ಕರೆಂಟ್ ತೆಗದಾನ. ಬ್ಯಾರೇದವ್ರ ಸುಳ್ಳು ಇವ್ಗ ಜಲ್ದಿ ತಿಳೀತೈತಿ."

ಮ್ಯಾಂಚೆಸ್ಟರ್

ಪಾಸ್‌ಪೋರ್ಟಿಗೆ ಹುಟ್ಟಿದ ದಿನ ಕೇಳಿದಾಗ ಕಾಕಾ "ಕುರಿ ಉಣ್ಣಿ ಕತ್ತರಿಸೋ ದಿನ" ಎಂದಿದ್ದರು. ಅದನ್ನು ತಾರೀಖು ಮಾಡಲು ನನಗೆ ಎರಡು ವಾರ ಹಿಡಿದಿತ್ತು. ಅದು ಮುಗಿದ ಮೇಲೆ ಇನ್ನು ತೊಂದರೆ ಇಲ್ಲ ಎಂದುಕೊಂಡಿದ್ದೆ. ಮ್ಯಾಂಚೆಸ್ಟರ್ ವಿಮಾನ ನಿಲ್ದಾಣದಲ್ಲಿ ಅವರ ಕಂಬಳಿಯ ಗಂಟಿನಿಂದ ಪಾವು ಕಿಲೋ ಹಳದಿ ಪುಡಿ ಹೊರಬಂತು.

ಬೀರಪ್ಪನ ಭಂಡಾರ. ನಮ್ಮಲ್ಲಿ ಹಣೆಗೆ ಹಚ್ಚುವ ಅರಿಶಿಣದ ಪುಡಿ. ಅಲ್ಲಿ ಮಾತ್ರ ನಾಲ್ಕು ಜನ ಯೂನಿಫಾರ್ಮಿನವರು ಬಂದು ಸುತ್ತ ನಿಂತರು. ಒಬ್ಬಾಕೆ ನಾಯಿ ಕರೆತಂದಳು. ರವಿ ಬೆವತುಹೋದ. "ದೇವುಡಿದಿ, ದೇವುಡಿದಿ," ದೇವರದು ಎಂದು ಗಾಬರಿಯಲ್ಲಿ ತೆಲುಗಿನಲ್ಲೇ ಅವರಿಗೆ ತಿಳಿಹೇಳುತ್ತಿದ್ದ. ನಾನು ಇಂಗ್ಲಿಷಿನಲ್ಲಿ ಅರಿಶಿಣ ಎಂದೆ. ಅಡುಗೆಗೋ ಎಂದು ಕೇಳಿದರು. ಅಲ್ಲ, ದೇವರಿಗೆ ಎಂದೆ. ದೇವರು ಅಡುಗೆ ಮಾಡುತ್ತಾನೋ ಎಂದು ಕೇಳಲಿಲ್ಲ, ಆದರೆ ಮುಖದಲ್ಲಿ ಆ ಪ್ರಶ್ನೆ ಇತ್ತು.

ಅಷ್ಟರಲ್ಲಿ ನಾಯಿ ಪುಡಿಯನ್ನು ಮೂಸಿ, ಮೂಗು ಮೇಲೆತ್ತಿ, ಮೂರು ಸಲ ಸೀನಿ, ಕಾಕಾನ ಕಾಲ ಬಳಿ ಮಲಗಿಬಿಟ್ಟಿತು.

"ನೋಡು, ಗುರ್ತು ಹಿಡೀತು," ಎಂದರು ಕಾಕಾ ತಣ್ಣಗೆ. "ಮೈಲಾರಲಿಂಗನ ನಾಯಿಕುಲದ್ದು."

ನಾಯಿಯ ತೀರ್ಪಿಗೆ ಯೂನಿಫಾರ್ಮಿನವರು ಎದುರಾಡಲಿಲ್ಲ. ಭಂಡಾರ ಗಂಟಿಗೆ ಮರಳಿತು.

ಮೊದಲ ದಿನ, ಮಳೆ

ಉತ್ತರ ವೇಲ್ಸಿನಲ್ಲಿ ನಾವು ಇಳಿದುಕೊಂಡ ಊರಿನ ಹೆಸರು ಬರೆಯುವುದಿಲ್ಲ. ಬರೆಯಲು ಹೋದರೆ ಒತ್ತಕ್ಷರ ಸಾಲುವುದಿಲ್ಲ. ಅಲ್ಲಿನ ಬೋರ್ಡುಗಳ ಮೇಲೆ ಎರಡು ಭಾಷೆ: ಮೇಲೆ ಅವರದು, ಕೆಳಗೆ ಇಂಗ್ಲಿಷ್. ಅವರದು ಸಣ್ಣ ಭಾಷೆ, ದೊಡ್ಡ ಭಾಷೆಯ ಪಕ್ಕದಲ್ಲಿ ಮನೆ ಮಾಡಿಕೊಂಡಿದೆ. ಶಾಲೆಯಲ್ಲಿ ತೆಲುಗು ಓದಿ, ಅಜ್ಜಿಯ ಬಾಯಿಂದ ಕನ್ನಡ ಕಲಿತ ನನಗೆ ಇದನ್ನು ಯಾರೂ ವಿವರಿಸಬೇಕಾಗಲಿಲ್ಲ.

ಅದು ಅವರ ಬೇಸಿಗೆಯಂತೆ. ಇಳಿದ ಗಳಿಗೆಯಿಂದ ಮಳೆ. ಜೋರು ಮಳೆಯಲ್ಲ, ಬಿಡುವ ಮಳೆಯೂ ಅಲ್ಲ. ಯಾರ ಮೇಲೂ ಸಿಟ್ಟಿಲ್ಲದೆ ಗೊಣಗುವ ಮುದುಕಿಯ ಹಾಗೆ ಸುರಿಯುತ್ತಲೇ ಇತ್ತು. ಜನ ಅದನ್ನು ಮಳೆಯೆಂದೇ ಲೆಕ್ಕಕ್ಕೆ ಹಿಡಿಯದೆ ಐಸ್‌ಕ್ರೀಮ್ ತಿನ್ನುತ್ತ ನಡೆಯುತ್ತಿದ್ದರು. ಕಾಕಾ ಕಂಬಳಿಯನ್ನು ಕೊಪ್ಪೆ ಮಾಡಿ ತಲೆಗೆ ಹಾಕಿಕೊಂಡರು. ಕೊಡೆ ಹಿಡಿದಿದ್ದ ರವಿ ನೆನೆದ, ಕೋಟು ತೊಟ್ಟಿದ್ದ ನಾನೂ ನೆನೆದೆ, ಕಾಕಾ ಒಬ್ಬರೇ ಒಣಗಿದ್ದರು.

ಆಮೇಲೆ ಕೆಟಲಿನ ಪ್ರಕರಣ. ಕೋಣೆಯಲ್ಲಿ ನೀರು ಕಾಯಿಸುವ ಒಂದು ಎಲೆಕ್ಟ್ರಿಕ್ ಕೆಟಲ್ ಇತ್ತು. ಕಾಕಾ ಅದರಲ್ಲೇ ಹಾಲು, ಚಹಾಪುಡಿ, ಸಕ್ಕರೆ ಎಲ್ಲ ಹಾಕಿ ಗುಂಡಿ ಒತ್ತಿ, ಉಕ್ಕಲಿ ಎಂದು ಕಾದರು. ಉಕ್ಕಿತು. ಗೋಡೆಗೂ ಉಕ್ಕಿತು. ಸುಟ್ಟ ಹಾಲಿನ ವಾಸನೆಗೆ ಛಾವಣಿಯ ಹೊಗೆಗಂಟೆ ಹೊಡೆದುಕೊಂಡಿತು, ಮನೆಯೊಡತಿ ಓಡಿಬಂದಳು.

"ಚಹಾ ಕುಡೀತಿ ಏನವ್ವಾ?" ಎಂದು ಕಾಕಾ ಮರ್ಯಾದೆಯಿಂದ ಕೇಳಿದರು.

ಆಕೆ ಕೆಟಲಿನೊಳಗೆ ಇಣುಕಿ ನೋಡಿ, ಬೇಡ ಎಂದು ಅಷ್ಟೇ ಮರ್ಯಾದೆಯಿಂದ ಹೇಳಿದಳು.

ಎರಡನೇ ದಿನ, ಗುಡ್ಡದ ಹೊಟ್ಟೆ

ಮರುದಿನ ನಮಗೆ ಎಲ್ಲ ತೋರಿಸಲು ಬಂದವಳು ಗ್ವೆನ್. ವಾರದ ದಿನಗಳಲ್ಲಿ ಬಂದವರಿಗೆ ವಿದ್ಯುತ್ ಕೇಂದ್ರ ತೋರಿಸುತ್ತಾಳೆ, ಉಳಿದ ದಿನ ಮನೆಯ ಕುರಿ ನೋಡಿಕೊಳ್ಳುತ್ತಾಳೆ. ಇದನ್ನು ನಾನು ಕನ್ನಡಕ್ಕೆ ಹೇಳಿದ್ದೇ ತಡ, ಕಾಕಾ ರವಿಯನ್ನು ಬಿಟ್ಟು ಆಕೆಯ ಪಕ್ಕಕ್ಕೆ ಹೋಗಿ ನಿಂತರು. "ಎಷ್ಟು ಕುರಿ ಅದಾವ ಕೇಳು." ಕೇಳಿದೆ. ಮುನ್ನೂರು ಎಂದಳು. "ನಾಯಿ?" ಎರಡು. ಆ ನಾಯಿಗಳಿಗೆ ಇಂಗ್ಲಿಷ್ ತಿಳಿಯುವುದಿಲ್ಲ, ತನ್ನ ಭಾಷೆಯಲ್ಲಿ ಕರೆದರಷ್ಟೇ ಬರುತ್ತವೆ ಎಂದಳು.

"ನಮ್ಮದೂ ಹಂಗ," ಎಂದರು ಕಾಕಾ. "ತಹಸೀಲಾಫೀಸಿನಾಗ ನಾ ತೆಲುಗು ಆಡ್ತೀನಿ. ನಾಯಿ ಆಡಂಗಿಲ್ಲ."

ಗುಡ್ಡದ ಬುಡದಲ್ಲಿ ಒಂದು ಬಾಗಿಲು. ಒಳಗೆ ವ್ಯಾನಿನಲ್ಲೇ ಹೋದೆವು. ಬಂಡೆ ಕೊರೆದು ಮಾಡಿದ ಹಾದಿ ಮುಗಿದಲ್ಲಿ ಒಂದು ಹಜಾರ. ನಮ್ಮ ಗದ್ವಾಲ್ ಕೋಟೆಯೊಳಗಿನ ಗುಡಿ ಗೋಪುರ ಸಮೇತ ಅದರಲ್ಲಿ ನಿಲ್ಲುತ್ತದೆ ಎನಿಸಿತು. ನೆಲದಲ್ಲಿ ಸಾಲಾಗಿ ಯಂತ್ರಗಳು. ಅವುಗಳ ಗುಂಯ್‌ಗುಡುವಿಕೆ ಕೇಳಿದ ಕೂಡಲೇ ನನಗೆ ಹಳೆಯ ಕೆಲಸದ ಕುರ್ಚಿಯಲ್ಲಿ ಕೂತ ಹಾಗಾಯಿತು. ಆ ಗುಂಯ್ ನನ್ನ ಮೂವತ್ತು ವರ್ಷದ ಸಂಗಾತಿ.

ಓದುಗರಿಗೆ ಇಲ್ಲೊಂದು ಮಾತು ಹೇಳಲೇಬೇಕು. ಕರೆಂಟಿನ ಸಂಸಾರದಲ್ಲಿ ಸೆಕೆಂಡಿಗೆ ಎಷ್ಟು ಮಿಡಿತ ಎಂದು ತೋರಿಸುವ ಒಂದು ಸೂಜಿ ಇದೆ, ಅದು ಸದಾ ಐವತ್ತರ ಮೇಲೆ ನಿಂತಿರಬೇಕು. ಅಲ್ಲೂ ಐವತ್ತೇ, ಇಲ್ಲೂ ಐವತ್ತೇ. ಜನ ಬೇಡುವುದು ಹೆಚ್ಚಾಗಿ, ಹುಟ್ಟುವ ಕರೆಂಟು ಕಡಿಮೆಯಾದರೆ ಸೂಜಿ ಕೆಳಗೆ ಜಾರುತ್ತದೆ. ಹುಟ್ಟುವುದೇ ಹೆಚ್ಚಾದರೆ ಮೇಲೆ ಏರುತ್ತದೆ. ಎರಡೂ ಕೇಡೇ. ತುಂಬ ಜಾರಿದರೆ ಒಂದು ಊರಿನದಲ್ಲ, ಇಡೀ ದೇಶದ ದೀಪ ಆರಿಹೋಗುವ ಭಯ. ನಾನು ಕೆಲಸದಲ್ಲಿದ್ದಾಗ ಸೂಜಿ ಜಾರಿದರೆ ಮೇಲಿನಿಂದ ಫೋನ್ ಬರುತ್ತಿತ್ತು: "ಮರಿಕಲ್ ಫೀಡರ್ ತೆಗಿ." ನಾನು ತೆಗೆಯುತ್ತಿದ್ದೆ, ಮರಿಕಲ್ ಕತ್ತಲಾಗುತ್ತಿತ್ತು, ಸೂಜಿ ಸುಧಾರಿಸುತ್ತಿತ್ತು. ಅದರ ಬೆನ್ನಿಗೇ ಮರಿಕಲ್‌ನವರ ಫೋನು. ಅದರಲ್ಲಿ ನನ್ನ ಮನೆತನದ ಹೆಸರೆಲ್ಲ ಬರುತ್ತಿತ್ತು. ಬರೆಯಲಾರೆ.

ಈ ಗುಡ್ಡದ ಹೊಟ್ಟೆಯಲ್ಲಿ ಸೂಜಿ ಜಾರಿದರೆ ಯಾರ ದೀಪವನ್ನೂ ಆರಿಸುವುದಿಲ್ಲ. ಮೇಲಿನ ನೀರು ಬಿಡುತ್ತಾರೆ. ಅದೂ ನಿಧಾನವಾಗಿ ಅಲ್ಲ. ಕೆಲವು ಯಂತ್ರಗಳನ್ನು ನೀರಿಲ್ಲದೆ ಗಾಳಿಯಲ್ಲೇ ತಿರುಗಿಸಿ ಇಟ್ಟಿರುತ್ತಾರೆ, ನೊಗ ಕಟ್ಟಿ ಬಂಡಿಯ ಮುಂದೆ ನಿಲ್ಲಿಸಿದ ಎತ್ತಿನ ಹಾಗೆ. ಚೂರು ಸುಳಿವು ಸಿಕ್ಕರೆ ಸಾಕು, ನಾವು ಫೋನೆತ್ತಿ "ಹಲೋ, ಯಾರು?" ಅನ್ನುವಷ್ಟರಲ್ಲಿ ಒಂದು ದೊಡ್ಡ ಪಟ್ಟಣಕ್ಕೆ ಸಾಕಾಗುವ ಕರೆಂಟು ಬರುತ್ತದೆ. ಹಾಗೆಯೇ ಎಲ್ಲೋ ಗಾಳಿ ಬೀಸಿ ಕರೆಂಟು ಹೆಚ್ಚಾದರೆ ಅದೇ ಯಂತ್ರ ಉಲ್ಟಾ ತಿರುಗಿ ಪಂಪಾಗುತ್ತದೆ, ಕೆಳಗಿನ ನೀರು ಮತ್ತೆ ಮೇಲೆ. ನನ್ನ ಇಡೀ ಕಾಲದಲ್ಲಿ ಹೀಗೊಂದು ಗುಡ್ಡ ನನ್ನ ಹಿಂದೆ ಇದ್ದಿದ್ದರೆ ಮರಿಕಲ್‌ನವರು ಇವತ್ತಿಗೂ ನನ್ನನ್ನು ಊಟಕ್ಕೆ ಕರೆಯುತ್ತಿದ್ದರು.

ಗ್ವೆನ್ ಒಂದು ಕಥೆ ಹೇಳಿದಳು. ಈ ದೇಶದಲ್ಲಿ ಟೀವಿಯಲ್ಲಿ ಎಲ್ಲರೂ ನೋಡುವ ಆಟವೋ ನಾಟಕವೋ ಮುಗಿದ ಕೂಡಲೇ ಲಕ್ಷಾಂತರ ಜನ ಒಟ್ಟಿಗೆ ಎದ್ದು ಕೆಟಲ್ ಹಚ್ಚುತ್ತಾರೆ. ಆಗ ಸೂಜಿ ದಡಕ್ಕನೆ ಜಾರುತ್ತದೆ. ಹಾಗಾಗಿ ಕರೆಂಟಿನವರು ಟೀವಿ ನೋಡಿಕೊಂಡೇ ಇರುತ್ತಾರೆ, ಆಟ ಮುಗಿಯುವ ಹೊತ್ತಿಗೆ ನೀರು ಬಿಡಲು ಸಜ್ಜಾಗಿ.

ಇದನ್ನು ಕನ್ನಡಕ್ಕೆ ಹೇಳಿದೆ. ಕಾಕಾ ಯಂತ್ರದ ಕಡೆ ಬೆರಳು ತೋರಿದರು.

"ಅಂದ್ರ ಚಹಾದ ಸಲುವಾಗಿ ಗುಡ್ಡ ಕೊರದಾರ."

"ಬರೇ ಚಹಾ ಅಲ್ರೀ ಕಾಕಾ..."

"ನಿನ್ನಿ ನಾ ಕೆಟಲ್ ಸುಟ್ಟಾಗ ಇಲ್ಲಿ ಎಷ್ಟು ನೀರು ಇಳೀತು, ಆ ತಂಗೀನ ಕೇಳು."

ಕೇಳಿದೆ. ಗ್ವೆನ್ ನಕ್ಕು, ಒಂದೆರಡು ಬಕೆಟ್ಟಾದರೂ ಇಳಿದಿರಬೇಕು ಎಂದಳು. ಕಾಕಾನ ಎದೆ ಅಗಲವಾಯಿತು. "ಮನ್ಯಾಗ ನನ್ನ ಮಾತು ಸಾಬವ್ವ ಕೇಳಂಗಿಲ್ಲ. ಇಲ್ಲಿ ಗುಡ್ಡ ಕೇಳ್ತೈತಲ್ಲೋ!"

ಸಾಬವ್ವ ಅವರ ಹೆಂಡತಿ. ಆ ಮಾತನ್ನು ಊರಿಗೆ ಮರಳಿದ ಮೇಲೆ ಆಕೆಗೆ ಮುಟ್ಟಿಸಿದ್ದು ನಾನಲ್ಲ ಎಂದು ಇಲ್ಲಿ ಬರೆದಿಡುತ್ತೇನೆ.

ಹೊರಡುವ ಮುನ್ನ ಕಾಕಾ ಒಂದು ಲೆಕ್ಕ ಹಿಡಿದರು. "ಹತ್ತಿಸಾಕ ಎಷ್ಟು ಕರೆಂಟ್, ಇಳಿಸಿದ್ರ ಎಷ್ಟು?" ಹತ್ತು ಕೊಟ್ಟರೆ ಎಂಟರ ಹತ್ತಿರ ಬರುತ್ತದೆ ಎಂದಳು ಗ್ವೆನ್.

"ಎರಡು ಲುಕ್ಸಾನ್!" ಎಂದು ಕಾಕಾ ರವಿಯ ಕಡೆ ತಿರುಗಿದರು. "ಇದ್ಯಾವ ಧಂದೆನಪಾ?"

ನಾನು ಅಡ್ಡ ಬಂದೆ. "ಮಧ್ಯಾನ್ಹದ ಹತ್ತು ಯಾರಿಗೂ ಬ್ಯಾಡಾಗಿರ್ತಾವ ಕಾಕಾ. ಸಂಜಿ ಎಂಟು ಎಲ್ಲಾರ್ಗೂ ಬೇಕಾಗಿರ್ತಾವ." ಕಾಕಾ ಬೆರಳು ಮಡಚಿ ಲೆಕ್ಕ ಹಾಕುತ್ತಲೇ ವ್ಯಾನು ಹತ್ತಿದರು.

ಅದೇ ದಿನ, ಗುಡ್ಡದ ಮೇಲೆ

ಮಧ್ಯಾಹ್ನ ಮೇಲಿನ ನೀರಿಗೆ ಕರೆದೊಯ್ದರು. ಮಳೆ ಆ ದಿನ ಮೊದಲ ಬಾರಿಗೆ ರಜೆ ತೆಗೆದುಕೊಂಡಿತ್ತು. ಮೂರು ಕಡೆ ಬೋಳು ಗುಡ್ಡ, ಒಂದು ಕಡೆ ಕಟ್ಟೆ, ನಡುವೆ ತುಂಬಿ ತುಳುಕುವ ನೀಲಿ ನೀರು. ಕಾಕಾ ಚಪ್ಪಲಿ ಬಿಟ್ಟು, ಬೇಲಿಯ ಈಚೆಯಿಂದಲೇ ಗಂಗಮ್ಮನಿಗೆ ಒಂದು ಚಿಟಿಕೆ ಭಂಡಾರ ಏರಿಸಿದರು.

"ಕೆರೀನೇ ಐತಲ್ಲೋ ಸಂಗಪ್ಪಾ! ನಾ ಸುಳ್ಳು ಹೇಳಿಲ್ಲ."

"ನೇನು ಚೆಪ್ಪಲೇದಾ ಮಾಳಪ್ಪಗಾರು?" ಎಂದ ರವಿ, ನಾನು ಹೇಳಿರಲಿಲ್ಲವೇ ಎಂಬ ಗೆಲುವಿನಲ್ಲಿ. ನಾಲ್ಕು ಫೋಟೊ ತೆಗೆದ. ಹೊರಡೋಣ ಎಂದ.

ಕಾಕಾ ಒಂದು ಬಂಡೆ ನೋಡಿ ಕೂತುಬಿಟ್ಟರು. "ಹೊಂಡೋದು ಹೆಂಗ? ಕೆರಿ ಅಂದ ಮ್ಯಾಲ ಸಂಜಿಕ್ಕ ಕುರಿ ನೀರಿಗೆ ಬರ್ಬೇಕಲ್ಲ. ಬರಲಿ, ನೋಡಿ ಹೋಗೂಣ."

ಕುರಿಗಾರನಿಗೆ ಕೆರೆಯ ಪರೀಕ್ಷೆ ಅದೊಂದೇ. ಆಳ ಎಷ್ಟು, ಕಟ್ಟೆ ಎಷ್ಟು ಎತ್ತರ ಎಂಬುದೆಲ್ಲ ಇಂಜಿನಿಯರರ ಲೆಕ್ಕ. ಗುಡ್ಡದ ತುಂಬ ಕುರಿಗಳಂತೂ ಇದ್ದವು. ನಮ್ಮ ಕುರಿಗಳ ಪಕ್ಕ ನಿಲ್ಲಿಸಿದರೆ ಹಾಸಿಗೆ ಸುತ್ತಿಟ್ಟ ಹಾಗೆ ಕಾಣುವಷ್ಟು ಉಣ್ಣೆ. ನಾವೂ ಕೂತೆವು. ನೀರಂಚಿನಲ್ಲಿ ಎಮ್ಮೆಯ ಬೆನ್ನಿನಂಥ ಒಂದು ಬಂಡೆ ಅರ್ಧ ಮುಳುಗಿತ್ತು. ನಾನು ಅದನ್ನೇ ನೋಡುತ್ತ ತೂಕಡಿಸಿದೆ.

ಆ ದೇಶದಲ್ಲಿ ಬೇಸಿಗೆಯ ಸಂಜೆಗೆ ಮುಗಿಯುವುದೇ ಗೊತ್ತಿಲ್ಲ. ಗಡಿಯಾರದಲ್ಲಿ ಎಂಟಾದರೂ ಬಿಸಿಲು. ಕಾಕಾ ನನ್ನ ಮೊಣಕೈ ತಿವಿದರು.

"ಸಂಗಪ್ಪಾ, ಆ ಎಮ್ಮಿ ಎದ್ದು ನಿಂತೈತಿ ನೋಡು."

ನೋಡಿದೆ. ಬಂಡೆ ಪೂರ್ತಿ ಹೊರಗೆ ಬಂದಿತ್ತು. ನೀರು ಅದರ ಬುಡದಿಂದಲೂ ಎಷ್ಟೋ ಆಳಕ್ಕೆ ಸರಿದಿತ್ತು. ಸುತ್ತಲೂ ಒಂದು ಬೂದು ಪಟ್ಟಿ, ಬರೀ ಕಲ್ಲು, ಒಂದು ಎಸಳು ಹುಲ್ಲಿಲ್ಲ, ಜಾರುವ ಇಳಿಜಾರು. ಕೆಳಗೆ ನಗರಗಳಲ್ಲಿ ಜನ ಅಡುಗೆ ಹಚ್ಚಿರಬೇಕು, ಟೀವಿ ಹಚ್ಚಿರಬೇಕು. ನಮ್ಮ ಕಣ್ಣೆದುರಿಗೇ ನೀರು ಸದ್ದಿಲ್ಲದೆ ಗುಡ್ಡದ ಹೊಟ್ಟೆಗೆ ಇಳಿಯುತ್ತಿತ್ತು. ಒಂದು ಕುರಿಯೂ ಅತ್ತ ಸುಳಿಯಲಿಲ್ಲ.

"ಕುರಿ ಇಲ್ಲಿ ನೀರು ಕುಡಿಯಂಗಿಲ್ಲೇನು, ಕೇಳು."

ಗ್ವೆನ್ ತಲೆಯಾಡಿಸಿದಳು. ಅಂಚು ಒಂದು ಕಡೆ ನಿಲ್ಲುವುದಿಲ್ಲ, ಇಳಿದರೆ ಹತ್ತುವುದು ಕಷ್ಟ, ಅದಕ್ಕೇ ಬೇಲಿ. ಕುರಿಗಳಿಗೆ ಮಳೆ ಇದೆ, ತೊರೆ ಇವೆ.

ಕಾಕಾ ಬಂಡೆಯಿಂದ ಎದ್ದು ಬೇಲಿಯ ತನಕ ಹೋಗಿ ನಿಂತರು. ಕೊನೆಗೆ ತೆಲುಗಿನಲ್ಲಿ, ರವಿಗೇ ತಾಗುವಂತೆ ಹೇಳಿದರು: "ಇದಿ ಚೆರುವು ಕಾದಯ್ಯಾ." ಇದು ಕೆರೆ ಅಲ್ಲಪ್ಪಾ. ಆಮೇಲೆ ನನ್ನ ಕಡೆ ತಿರುಗಿದರು. "ಕೆರಿ ಅಂದ್ರ ಮುಂಜಾನಿ ಎಲ್ಲಿ ಬಿಟ್ಟು ಹೋಗಿದ್ವಿ, ಸಂಜಿಕ್ಕ ಅಲ್ಲೇ ಇರ್ಬೇಕು ತಮ್ಮಾ. ಹನ್ನೊಂದು ಮನೀಗೆ ಕೆರಿ ಬರ್ತೈತಿ ಅಂತ ಹೇಳೀನಿ. ಈಗ ಏನಂತ ಹೋಗಿ ಹೇಳ್ಲಿ?"

ರವಿ ಕೆಟ್ಟವನಲ್ಲ. ಅವನಿಗೆ ಚೆರುವು ಅಂದರೆ ನಿಂತ ನೀರು, ಅಷ್ಟೇ. ಅದರ ಸುತ್ತ ಕುರಿ, ಮೀನು, ಹೊಲಕ್ಕೆ ಹೊಡೆಯುವ ಹೂಳು, ಬಟ್ಟೆ ಒಗೆಯುವ ಕಲ್ಲು ಇವೆಲ್ಲ ಇರುತ್ತವೆಂದು ಅವನಿಗೆ ಯಾವ ಕಾಲೇಜಿನಲ್ಲೂ ಹೇಳಿರಲಿಲ್ಲ. ಅವನೂ ಆ ಬೂದು ಪಟ್ಟಿಯನ್ನೇ ನೋಡುತ್ತ ನಿಂತಿದ್ದ.

ಮೂರನೇ ದಿನ, ಗ್ವೆನ್ ಮನೆಯ ಹೊಲ

ಮರುದಿನ ಗ್ವೆನ್ ನಮ್ಮನ್ನು ಮನೆಗೆ ಕರೆದಳು. ಕಾಕಾ ಆಕೆಯ ಕುರಿಯೊಂದನ್ನು ಕೆಡವಿ ಹಲ್ಲು ನೋಡಿದರು, ಗೊರಸು ನೋಡಿದರು, ಒಂದು ಗೊರಸಿನ ಸಂದಿಯ ಕೊಳೆತ ತೋರಿಸಿದರು. ಭಾಷೆಯೇ ಬೇಕಾಗಲಿಲ್ಲ. ಆಕೆ ತಟ್ಟನೆ ಒಳಗೆ ಹೋಗಿ ಔಷಧಿ ತಂದಳು. ನನ್ನ ಅನುವಾದದ ಉದ್ಯೋಗ ಅರ್ಧ ಗಂಟೆ ನಿಂತೇ ಹೋಯಿತು.

ಚಹಾದ ಹೊತ್ತಿಗೆ ಆಕೆ ಕೇಳಿದಳು: ನಿಮ್ಮಲ್ಲಿ ಮಳೆ ಹೇಗೆ?

"ಬರ್ತೈತವ್ವಾ, ಬೀಗರಂಗ," ಎಂದರು ಕಾಕಾ. "ಬರ್ತೀವಿ ಅಂತ ಹೇಳಿ ಕಳಿಸಿದ ದಿನ ಬರಂಗಿಲ್ಲ."

ಇದನ್ನು ಇಂಗ್ಲಿಷಿಗೆ ಹೇಳಲು ಮೊದಲು ಬೀಗರು ಯಾರೆಂದು ಹೇಳಬೇಕಾಯಿತು. ಮಗಳನ್ನು ಕೊಟ್ಟವರು, ತಂದವರು, ಸತ್ಕಾರ, ಮುನಿಸು ಎಲ್ಲ ಮುಗಿಸುವಷ್ಟರಲ್ಲಿ ಚಹಾ ಆರಿತು. ಆದರೆ ಗ್ವೆನ್‌ಗೆ ಅರ್ಥವಾಯಿತು. ಕಟ್ಟೆ ಕಟ್ಟುವಾಗ ಅವಳ ಅಜ್ಜ ಒಂದೇ ಒಂದು ಸಂಗತಿ ಕೇಳಿ ಬರೆಸಿಕೊಂಡಿದ್ದನಂತೆ: ಮೇಲಿನ ಮೇವಿಗೆ ಕುರಿ ಹೋಗುವ ಹಾದಿಗೆ ಒಂದು ಗೇಟು. ಆ ಗೇಟು ಇವತ್ತಿಗೂ ಇದೆ, ಬಣ್ಣ ಬಳಿಯುವವರೂ ಕಟ್ಟೆಯವರೇ. ನೀವು ಏನು ಬರೆಸಿಕೊಂಡಿದ್ದೀರಿ ಎಂದು ಕೇಳಿದಳು.

ಕಾಕಾ ಆ ಪ್ರಶ್ನೆಯನ್ನು ಜೊತೆಗೇ ಹೊತ್ತು ತಂದರು. ಮ್ಯಾಂಚೆಸ್ಟರಿನಿಂದ ಹೈದರಾಬಾದಿನವರೆಗೂ ಕಿಟಕಿಯ ಪಕ್ಕ ಕೂತು ಮೋಡಗಳನ್ನು ಎಣಿಸುವವರ ಹಾಗೆ ತುಟಿ ಆಡಿಸುತ್ತಿದ್ದರು.

ಬೀರಪ್ಪನ ಗುಡಿಯ ಮುಂದೆ

ಬಂದ ವಾರವೇ ಹನ್ನೊಂದು ಮನೆಯವರೂ ಗುಡಿಯ ಮುಂದಿನ ಬೇವಿನ ಕೆಳಗೆ ಸೇರಿದರು. ರವಿ ತೆಲುಗಿನ ಕಾಗದ ಓದಿದ. ಅದರಲ್ಲಿ ಐದು ಕಡೆ "ಚೆರುವು" ಇತ್ತು. ಪ್ರತಿ ಸಲ ಆ ಮಾತು ಬಂದಾಗಲೂ ಜನ ಗೋಣು ಹಾಕಿದರು. ಕಾಕಾ ಎದ್ದು ನಿಂತರು.

"ನಾ ಕೆರಿ ಬರ್ತೈತಿ ಅಂದಿದ್ದೆ. ತಪ್ಪು ಹೇಳಿದ್ದೆ. ಅದು ಕೆರಿ ಅಲ್ಲ."

ಗದ್ದಲವಾಯಿತು. "ಹಿರೇತನ ಮಾಡಿದ್ದು ಸಾಕು ಕುಂದರು!" ಎಂದು ಹಿಂದಿನಿಂದ ಒಬ್ಬ ಕೂಗಿದ. ಇನ್ನೊಬ್ಬ, "ತಪ್ಪಂತ ಹೇಳಾಕ ಇಂಗ್ಲೆಂಡಿಗೆ ಹೋಗ್ಬೇಕಿತ್ತೇನು, ಇಲ್ಲೇ ಕುಂತು ಹೇಳಿದ್ರ ಆಗ್ತಿತ್ತು," ಎಂದ. ಸಾಬವ್ವ ಸೆರಗು ಸೊಂಟಕ್ಕೆ ಸಿಗಿಸಿ ಎದ್ದಳು. ಗಂಡನ ಪರವಾಗಿ ಮಾತಾಡುತ್ತಾಳೆ ಎಂದುಕೊಂಡೆ.

"ಕೆರಿ ಅಲ್ಲಂದ್ರ ಮತ್ತೇನು? ಹೋಗಿ ಬಂದೀಯಲ್ಲ, ಹೇಳು! ಅಲ್ಲಿ ಗುಡ್ಡ ನಿನ್ನ ಮಾತು ಕೇಳ್ತೈತಂತ!"

ನಾನು ಬೇವಿನ ಎಲೆ ಎಣಿಸತೊಡಗಿದೆ.

ಕಾಕಾ ನೆಲಕ್ಕೆ ಕೂತು ಬೆರಳಲ್ಲಿ ಒಂದು ಗುಂಡಗಿನ ಗೆರೆ ಎಳೆದರು. "ಹಗೇವು ಗೊತ್ತಲ್ಲ? ಸುಗ್ಗಿ ಆದ ಮ್ಯಾಲ ಹೆಚ್ಚಿಗಿ ಜ್ವಾಳ ನೆಲದಾಗ ತೆಗ್ಗು ತೋಡಿ ತುಂಬ್ತೀವಿ. ಬೇಕಾದಾಗ ತೆಗೀತೀವಿ. ಅಂಚಿನ ನಾಲ್ಕು ಸೇರು ಮುಗ್ಗಲು ಹಿಡೀತಾವ. ಹಿಡೀಲಿ, ಉಳದದ್ದು ಉಣ್ತೀವಿ. ಇದು ಕರೆಂಟಿನ ಹಗೇವು. ಮಧ್ಯಾನ್ಹ ತುಂಬ್ತಾರ, ಸಂಜಿಕ್ಕ ತೆಗೀತಾರ. ನಾಡಿಗೆ ಬೇಕಾದದ್ದು ಹೌದು, ನಾ ನೋಡಿ ಬಂದೀನಿ. ಆದ್ರ ಹಗೇವಿನ ಬಾಯಾಗ ಯಾರರ ಕುರಿಗೆ ನೀರು ಕುಡಿಸ್ತೀರೇನು?"

ಗದ್ದಲ ನಿಂತಿತು. ಹಗೇವು ಎಲ್ಲರಿಗೂ ಗೊತ್ತು.

"ಕಾಗದದಾಗ ಚೆರುವು ಹೊಡೆದು ಹಾಕಪಾ," ಎಂದರು ಕಾಕಾ ರವಿಗೆ. ಆಶ್ಚರ್ಯವೆಂದರೆ ರವಿ ಪೆನ್ನು ತೆಗೆದು ಐದೂ ಕಡೆ ಹೊಡೆದು ಹಾಕಿದ. ಬಹುಶಃ ಆ ಎದ್ದು ನಿಂತ ಎಮ್ಮೆಯನ್ನು ಅವನೂ ಮರೆತಿರಲಿಲ್ಲ. ಆಮೇಲೆ ನನ್ನ ಮುಖ ನೋಡಿದ. "ಸರ್, ಹಗೇವು ಅಂಟೆ ತೆಲುಗುಲೋ ಪಾತರ ಕದಾ?"

ಹೌದು, ತೆಲುಗಿನಲ್ಲಿ ಹಗೇವಿಗೆ ಪಾತರ ಎಂದೇ ಹೆಸರು. ಆದರೆ ಕನ್ನಡದವರಿಗೆ ಪಾತರ ಅಂದರೆ ಕುಣಿಯುವವಳು. ಅವನು ಬರೆಯುವ ಮುನ್ನ ತನ್ನ ಅರೆಬರೆ ಕನ್ನಡದಲ್ಲಿ, ಗಂಭೀರವಾಗಿ, ದೊಡ್ಡ ದನಿಯಲ್ಲಿ ಹೇಳಿ ನೋಡಿದ: "ಗುಡ್ಡದ ಮ್ಯಾಲೆ... ಕರೆಂಟು ಪಾತರ." ಹೆಂಗಸರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಗಂಡಸರಿಗೆ ಮುಚ್ಚಿಕೊಳ್ಳಲು ಏನೂ ಸಿಗಲಿಲ್ಲ.

"ಹಗಲೆಲ್ಲಾ ಮ್ಯಾಲ, ಸಂಜಿಕ್ಕ ಕೆಳಗ," ಎಂದಳು ಸಾಬವ್ವ. "ಕುಣಿಯೋದ ಅಲ್ಲೇನದು? ಬರಕೋ ಯಪ್ಪಾ, ಬರಕೋ. ಬೇಷ್ ಐತಿ ಹೆಸರು."

ನಗು ತಗ್ಗಿದ ಮೇಲೆ ಕಾಕಾ ಕಾಗದದ ಕೊನೆಯ ಖಾಲಿ ಜಾಗದ ಮೇಲೆ ಬೆರಳಿಟ್ಟರು. "ನಮ್ಮ ಕುರಿ ನೀರು ಎಲ್ಲಿ ಕುಡೀತಾವ, ಇಲ್ಲಿ ಬರಕೊಂಡು ಬಾ. ದೊಣಿ ಉಳೀಬೇಕು, ದೊಣೀಗೆ ಹೋಗೋ ದಾರ್ಯೂ ಉಳೀಬೇಕು. ಅಷ್ಟು ಬರದ ದಿನ ನನ್ನ ದಸ್ತಖತ್." ಅದು ತನ್ನ ಕೈಯಲ್ಲಿಲ್ಲ, ಮೇಲಿನವರನ್ನು ಕೇಳಬೇಕು ಎಂದ ರವಿ. ಕೇಳಿಕೊಂಡು ಬಾ, ನಮಗೇನು ಅವಸರ ಎಂದರು ಕಾಕಾ.

ಗುಡ್ಡ

ಒಂದು ತಿಂಗಳ ಮೇಲಾಯಿತು. ಬರುವುದಿಲ್ಲ ಎಂದೇ ಎಲ್ಲರೂ ಅಂದುಕೊಂಡಿದ್ದರು. ಒಂದು ಬೆಳಿಗ್ಗೆ ರವಿ ಬಂದ, ಕೈಯಲ್ಲಿ ಹೊಸ ಕಾಗದ, ಹೆಗಲ ಚೀಲದಲ್ಲಿ ಅಳತೆ ಪಟ್ಟಿ, ಒಂದು ಕಟ್ಟು ಕೆಂಪು ಬಾವುಟ. ಕಟ್ಟೆಯ ಗೆರೆಯನ್ನು ದೊಣಿಯಿಂದ, ಅದರ ಹಾದಿಯಿಂದ ಆಚೆ ಸರಿಸಲು ಮೇಲಿನವರು ಒಪ್ಪಿದ್ದರು. ಎಷ್ಟು ಆಚೆ ಎಂಬುದನ್ನು ಗುಡ್ಡದ ಮೇಲೆ ಗುರುತು ಹಾಕಬೇಕಿತ್ತು.

"ಅಳತಿ ಪಟ್ಟಿ ಯಾಕಪಾ?" ಎಂದು ಕಾಕಾ ಹಟ್ಟಿಯ ಬಾಗಿಲು ತೆಗೆದರು. "ಇವುಗಳ ಹಿಂದ ಬಾ."

ಕುರಿಗಳು ತಮ್ಮ ಹಾದಿ ಹಿಡಿದವು, ಬಂಡೆಗಳ ನಡುವೆ ತಿರುಗಿ, ಸೀತಾಫಲದ ಪೊದೆ ಬಳಸಿ, ಸಾಲಾಗಿ. ನೀರಿನ ವಾಸನೆ ಬಂದಲ್ಲಿಂದ ಓಡತೊಡಗಿದವು. ರವಿ ಏದುಸಿರು ಬಿಡುತ್ತ ಅವುಗಳ ಹೊರಮಗ್ಗುಲಿಗೆ ಒಂದೊಂದೇ ಬಾವುಟ ನೆಡುತ್ತ ಬಂದ. ದೊಣಿಯ ಸುತ್ತ ಮಂದೆ ಒತ್ತಾಗಿ ನಿಂತು ಕುಡಿಯುವಾಗ ಸಾಲಿನ ಕೊನೆಯ ಬಾವುಟ ಚುಚ್ಚಿ ಬೆವರು ಒರೆಸಿಕೊಂಡ. ಮಂದೆಯ ಜೊತೆಗಿದ್ದ ಒಂದು ಕರಿ ಮೇಕೆ ಬಂದು ಆ ಬಾವುಟ ಕಿತ್ತು ಬಾಯಿಗೆ ಹಾಕಿಕೊಂಡಿತು.

ಕಾಕಾ ಮೇಕೆಯ ಕಡೆ ನೋಡಿದರು, ರವಿಯ ಕಡೆ ನೋಡಿದರು.

ರವಿ ಚೀಲದಿಂದ ಇನ್ನೊಂದು ಬಾವುಟ ತೆಗೆದ. ದೊಣಿಯಿಂದ ನಾಲ್ಕು ಹೆಜ್ಜೆ ಆಚೆ ಹೋಗಿ ನೆಟ್ಟ. ಮೇಕೆ ತಲೆಯೆತ್ತಿ ನೋಡಿತು, ಅಗಿಯುವುದನ್ನು ಬಿಡಲಿಲ್ಲ. ಅವನು ಅದನ್ನೂ ಕಿತ್ತು ಇನ್ನೂ ನಾಲ್ಕು ಹೆಜ್ಜೆ ಆಚೆ ನೆಟ್ಟ.

"ಆತು," ಎಂದರು ಕಾಕಾ. "ಕಾಗದ ತಾ."